ಜಯಪ್ರಕಾಶನ ಭಾನುವಾರದ ಹರಕೆ

ಮದ್ದೂರಿನ ಜಯಪ್ರಕಾಶನಿಗೆ ದೇವರ ಮೇಲೆ ವಿಶೇಷ ಭಕ್ತಿಯೇನೂ ಇರಲಿಲ್ಲ. ಬಸ್ಸಿನಲ್ಲಿ ಎಲ್ಲರೂ ಗುಡಿಯ ಕಡೆ ಕೈಮುಗಿದರೆ ತಾನೂ ಮುಗಿಯುವಷ್ಟು, ಪ್ರಸಾದ ಕೊಟ್ಟರೆ ಕಣ್ಣಿಗೊತ್ತಿಕೊಂಡು ತಿನ್ನುವಷ್ಟು ಇತ್ತು. ಅವನ ನಿಜವಾದ ನಂಬಿಕೆಯೆಲ್ಲ ತನ್ನ ಬುದ್ಧಿಯ ಮೇಲೆ. ಭಾರತೀನಗರದ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತನಾಗಿದ್ದ ಅವನು, ಯಾರ ಯಾವ ಕೆಲಸ ಕಂಡರೂ ‘ಇದನ್ನ ಒಂದು ಪದ್ಧತಿ ಪ್ರಕಾರ ಮಾಡಿದ್ರೆ ಅರ್ಧ ಖರ್ಚಲ್ಲಿ ಮುಗಿಯುತ್ತೆ’ ಎನ್ನುತ್ತಿದ್ದ. ಇದರಿಂದ ಯಾರಿಗೂ ನಷ್ಟವಾಗಿರಲಿಲ್ಲ. ಯಾಕೆಂದರೆ ಯಾರೂ ಅವನ ಮಾತು ಕೇಳುತ್ತಿರಲಿಲ್ಲ.

ಅವನ ಅವ್ವ ತೀರಿಕೊಂಡ ಮೇಲೆ ಅಕ್ಕ ಹೊಂಬಾಳಮ್ಮ, ಇನ್ನು ಮೇಲೆ ತನಗೆ ತವರು ಅಂತ ಇರುವುದು ತಮ್ಮನ ಮನೆಯೊಂದೇ ಎಂದು ಕಣ್ಣೀರು ಹಾಕಿದ್ದಳು. ಅಂದಿನಿಂದ ಭಾನುವಾರ ಬಂತೆಂದರೆ ಹೊಳಲಿನಿಂದ ಅಕ್ಕ, ಭಾವ ಕರಿಯಪ್ಪ, ಅವರ ಮಗ ಪುನೀತ್ ಮೂವರೂ ಮಂಡ್ಯಕ್ಕೆ ಬಂದು, ಅಲ್ಲಿಂದ ಮದ್ದೂರಿನ ಬಸ್ಸು ಹಿಡಿದು ಜಯಪ್ರಕಾಶನ ಮನೆಗೆ ಬರುವುದು, ಎಲ್ಲರೂ ಕೂಡಿ ಬಾಡಿನ ಸಾರು, ನಮ್ಮ ಕಡೆ ಹಿಟ್ಟು ಅನ್ನುವ ರಾಗಿಮುದ್ದೆ ಉಂಡು ಅವರು ಸಂಜೆ ಬಸ್ಸಿಗೆ ವಾಪಸು ಹೋಗುವುದು ನಡೆದುಬಂದಿತ್ತು. ಹೊಂಬಾಳಮ್ಮ ವಾರವೆಲ್ಲ ಗದ್ದೆ, ಹಸು, ಹುಲ್ಲು ಅಂತ ದುಡಿದು, ಉಪ್ಸಾರಿನಲ್ಲೇ ದಿನ ದೂಡಿ, ಭಾನುವಾರ ತಮ್ಮನ ಮನೆಯಲ್ಲಿ ಮೂಳೆ ಚೀಪುತ್ತ ಕೂತರೆ ಆ ಹೊತ್ತಿನಲ್ಲಿ ಅವಳನ್ನು ಮಾತಾಡಿಸುವ ಧೈರ್ಯ ಕರಿಯಪ್ಪನಿಗೂ ಇರಲಿಲ್ಲ.

ಸಂಕ್ರಾಂತಿ ಕಳೆದ ಒಂದು ಭಾನುವಾರ, ಎಲ್ಲರೂ ಉಂಡು ಎಲೆಯಡಿಕೆ ಹಾಕಿಕೊಂಡು ಕೂತಿದ್ದಾಗ, ಜಯಪ್ರಕಾಶ ತನ್ನ ಹೆಂಡತಿ ವೀಣಳ ಖರ್ಚಿನ ಬಗ್ಗೆ ಒಂದು ಭಾಷಣ ಮಾಡಿದ. ಹೆಂಗಸರಿಗೆ ಯೋಜನೆ ಅನ್ನುವುದು ಗೊತ್ತಿಲ್ಲ, ವಾರದ ಊಟವನ್ನು ವಾರದ ಮೊದಲೇ ಗೊತ್ತುಮಾಡಿಕೊಂಡರೆ ಇದೇ ದುಡ್ಡಿನಲ್ಲಿ ಊರಿಗೆಲ್ಲ ಊಟ ಹಾಕಬಹುದು, ಫೋನಿನಲ್ಲಿ ಇಂಥ ವಿಡಿಯೊಗಳು ಎಷ್ಟೋ ಬರುತ್ತವೆ, ಯಾರು ನೋಡುತ್ತಾರೆ ಎಂದೆಲ್ಲ ಹೇಳಿದ. ಪುನೀತ್ ತಲೆತಗ್ಗಿಸಿ ನಕ್ಕ. ವೀಣ ಒಳಗೆ ಹೋಗಿ, ಆ ವಾರದ ಸಾಮಾನಿನ ದುಡ್ಡನ್ನು ತಂದು ಎಲ್ಲರ ಎದುರಿಗೇ ಗಂಡನ ಕೈಗಿಟ್ಟು, ನಾಳೆಯಿಂದ ನೀವೇ ಮಾಡಿ ತೋರಿಸಿ ಎಂದಳು. ಜೀವನದಲ್ಲಿ ಮೊದಲ ಸಲ ಒಬ್ಬರು ಅವನ ಮಾತು ಕೇಳಿದ್ದರು. ಅನಾಹುತ ಶುರುವಾದದ್ದು ಅಲ್ಲಿಂದ.

ಸೋಮವಾರ ಬೆಳಿಗ್ಗೆ ಫ್ರಿಜ್ಜಿನ ಬಾಗಿಲಿಗೆ ಒಂದು ವೇಳಾಪಟ್ಟಿ ಅಂಟಿತು. ಸಂಜೆ ಜಯಪ್ರಕಾಶ ಆಟೊದಲ್ಲಿ ಒಂದು ಮೂಟೆ ಎಲೆಕೋಸು ತಂದು ಇಳಿಸಿದ. ಮೂಟೆ ಲೆಕ್ಕದಲ್ಲಿ ತಗೊಂಡರೆ ಬಿಡಿ ಬೆಲೆಯ ಅರ್ಧವೂ ಬೀಳುವುದಿಲ್ಲ ಎಂಬುದು ಅವನ ಸಿದ್ಧಾಂತ. ಮಂಗಳವಾರ, ಕಾಫಿಯನ್ನೇ ಕುಡಿಯುವ ಮನೆಗೆ, ದೊಡ್ಡ ಪೊಟ್ಟಣದ ಟೀಪುಡಿ ತಂದ. ಅದರ ಜೊತೆ ಪ್ಲಾಸ್ಟಿಕ್ ಬಕೀಟು ಬಿಟ್ಟಿ ಕೊಡುತ್ತಿದ್ದರು. ಬುಧವಾರ ಎಲೆಕೋಸಿನ ಪಲ್ಯ, ಗುರುವಾರ ಎಲೆಕೋಸಿನ ಸಾಂಬಾರು, ಶುಕ್ರವಾರ ಎಲೆಕೋಸಿನ ಬಾತು. ಶನಿವಾರ ಜೇಬು ನೋಡಿಕೊಂಡರೆ ಭಾನುವಾರದ ಬಾಡು ಹಾಗಿರಲಿ, ಅದಕ್ಕೆ ಅರೆಯುವ ಮಸಾಲೆಗೂ ದುಡ್ಡು ಉಳಿದಿರಲಿಲ್ಲ. ವೀಣಳ ಹತ್ತಿರ ಕೈಸಾಲ ಕೇಳಿದ. ಪದ್ಧತಿ ಪ್ರಕಾರ ಮಾಡಿ, ಆಗುತ್ತೆ, ಎಂದು ಅವಳು ಟಿವಿ ಕಡೆ ತಿರುಗಿದಳು.

ಭಾನುವಾರ ಅಕ್ಕ ಭಾವ ಬಂದರು. ಕರಿಯಪ್ಪ ಬಾಗಿಲಲ್ಲೇ ಒಮ್ಮೆ ಮೂಗಿನಿಂದ ಗಾಳಿ ಎಳೆದುಕೊಂಡು, ಅನುಮಾನದಿಂದ ಇನ್ನೊಮ್ಮೆ ಎಳೆದುಕೊಂಡು ಒಳಗೆ ಬಂದ. ತಟ್ಟೆಗೆ ಹಿಟ್ಟು ಬಿತ್ತು, ಅದರ ಮೇಲೆ ಹೆಸರುಕಾಳು ಎಲೆಕೋಸಿನ ಸಾರು ಬಿತ್ತು. ಬಾಡು ಇಲ್ವೇನ್ಲಾ ಎಂದು ಕರಿಯಪ್ಪ ನೇರವಾಗಿ ಕೇಳಿದ. ಜಯಪ್ರಕಾಶ ನಿಜ ಹೇಳಲೆಂದೇ ಬಾಯಿ ತೆರೆದ. ಅಷ್ಟರಲ್ಲಿ ಪುನೀತನ ಮುಖದಲ್ಲಿ ಹೋದ ವಾರದ ನಗು ಮತ್ತೆ ಮೂಡುವುದು ಕಾಣಿಸಿತು. ಅವನ ಹಿಂದೆ ಗೋಡೆಯ ಕ್ಯಾಲೆಂಡರಿನಲ್ಲಿ ಬೆಟ್ಟದ ದೇವರು ಮಾದಪ್ಪ ಹುಲಿಯ ಮೇಲೆ ಕೂತಿದ್ದ.

“ಹರಕೆ ಭಾವ. ಮಾದಪ್ಪನಿಗೆ,” ಎಂದುಬಿಟ್ಟ.

ಹೊಂಬಾಳಮ್ಮನ ಕೈ ತಟ್ಟೆಯಲ್ಲೇ ನಿಂತಿತು. ಯಾತಕ್ಕೆ ಮಗ ಎಂದು ಕೇಳಿದಳು. ಹೇಳಬಾರದಕ್ಕ, ಹೇಳಿದರೆ ಫಲ ಸಿಗುವುದಿಲ್ಲ ಎಂದ. ಎಷ್ಟು ದಿವಸ ಎಂದಳು. ಒಂದೇ ಭಾನುವಾರದ ಹರಕೆ ಎಂದರೆ ದೇವರಿಗೇ ಅವಮಾನವಾದೀತೆನಿಸಿ, ಶಿವರಾತ್ರಿ ತನಕ ಎಂದ. ಸಾರಿನ ಪಾತ್ರೆ ಹಿಡಿದು ನಿಂತಿದ್ದ ವೀಣ ಗಂಡನ ಮುಖವನ್ನೇ ನೋಡಿದಳು. ಅತ್ತಿಗೆಯ ಎದುರು ಗಂಡನನ್ನು ಸುಳ್ಳುಗಾರನನ್ನಾಗಿ ಮಾಡುವುದು ಹೇಗೆಂದು ಸುಮ್ಮನಾದಳು. ಅವರೆಲ್ಲ ಹೊರಟ ಮೇಲೆ ಮಾತ್ರ, ದುಡ್ಡಿಲ್ಲ ಅಂತ ಎರಡು ಮಾತು ಹೇಳುವುದಕ್ಕೆ ಆಗದೆ ದೇವರನ್ನು ಬೀದಿಗೆ ಎಳೆದಿರಲ್ಲ, ಇದು ಒಳ್ಳೆಯದಕ್ಕಲ್ಲ ಎಂದಳು.

ಹೊಳಲಿನ ಬಸ್ಸಿನಲ್ಲಿ ಹೊಂಬಾಳಮ್ಮ ಯೋಚನೆ ಮಾಡಿದಳು. ದೇವರು ದಿಂಡರು ಅನ್ನದ ತಮ್ಮ ಹರಕೆ ಹೊರಬೇಕಾದರೆ ಏನೋ ದೊಡ್ಡದೇ ಇರಬೇಕು. ಹೇಳುವುದಿಲ್ಲ ಎಂದರೆ ಹೇಳಲಾಗದಂಥದ್ದೇ ಇರಬೇಕು. ಅವಳು ಮಾರನೆಯ ದಿನ ತಮ್ಮನ ಪಕ್ಕದ ಮನೆಯ ಕೆಂಪಸಿದ್ದಯ್ಯನಿಗೆ ಫೋನು ಮಾಡಿ, ನಮ್ಮ ಹುಡುಗನ ಮೇಲೆ ಒಂದು ಕಣ್ಣಿಡಿ, ಕಾಯಿಲೆ ಏನಾದರೂ ಇದ್ದೀತು ಎಂದಳು.

ಕೆಂಪಸಿದ್ದಯ್ಯ ಕರೆಂಟ್ ಆಫೀಸಿನಲ್ಲಿ ಲೈನ್‌ಮನ್ ಆಗಿದ್ದು ರಿಟೈರಾದವನು. ಕಂಬ ಹತ್ತುವುದು ನಿಂತ ಮೇಲೆ ಬೀದಿಯ ಮನೆಗಳ ಮೇಲೆ ಕಣ್ಣಿಡುವುದೇ ಅವನ ಉದ್ಯೋಗವಾಗಿತ್ತು. ಅವತ್ತೇ ಸಂಜೆ ಬಂದು, ಡಾಕ್ಟರು ಏನೆಂದರು ಎಂದು ಮೆಲ್ಲಗೆ ಕೇಳಿದ. ಯಾವ ಡಾಕ್ಟರು, ನನಗೇನೂ ಆಗಿಲ್ಲ ಎಂದ ಜಯಪ್ರಕಾಶ. ಏನೂ ಆಗದವನು ಇಷ್ಟು ಜೋರಾಗಿ ಏನೂ ಆಗಿಲ್ಲ ಅನ್ನುವುದಿಲ್ಲ ಎಂದು ಕೆಂಪಸಿದ್ದಯ್ಯ ತೀರ್ಮಾನಿಸಿದ. ಜಯಪ್ರಕಾಶನಿಗೆ ದೊಡ್ಡ ಕಾಯಿಲೆ ಎಂದು ಎರಡು ದಿನದಲ್ಲಿ ಬೀದಿಗೆ ಗೊತ್ತಾಯಿತು. ವಾರದಲ್ಲಿ ಆ ಸುದ್ದಿ ಬಸ್ಸು ಹತ್ತಿ ಭಾರತೀನಗರದ ಕಾಲೇಜಿಗೂ ತಲುಪಿತು.

ಆಮೇಲೆ ಜಯಪ್ರಕಾಶನ ಮನೆಗೆ ಸೊಪ್ಪು ಬರತೊಡಗಿತು. ಬೀದಿಯ ಹೆಂಗಸರು ನುಗ್ಗೆಸೊಪ್ಪು, ಹೊನಗೊನ್ನೆ, ಒಂದೆಲಗ ತಂದುಕೊಟ್ಟರು. ಆಫೀಸಿನ ಜವಾನ ಮಹದೇವು ತನ್ನ ಹೊಲದ ಅವರೆಕಾಯಿ, ಕುಂಬಳಕಾಯಿ ತಂದು ಮೇಜಿನ ಕೆಳಗಿಟ್ಟು, ಹಿಟ್ಟು ಚೆನ್ನಾಗಿ ಉಣ್ಣಿ ಸಾರ್ ಎಂದ. ಸೂಪರಿಂಟೆಂಡೆಂಟರು ಕಡತಗಳನ್ನು ಬೇರೆಯವರ ಮೇಜಿಗೆ ವರ್ಗಾಯಿಸಿ, ನೀವು ಆಯಾಸ ಮಾಡ್ಕೋಬೇಡಿ ಎಂದರು. ಹೊಂಬಾಳಮ್ಮ ಪ್ರತಿ ಭಾನುವಾರ ಬರುವಾಗ ಮನೆಯ ಬೆಣ್ಣೆ ಕಾಯಿಸಿದ ತುಪ್ಪ, ಎಳನೀರು, ಅಕ್ಕಿ ತಂದಳು. ತಂದು, ತಮ್ಮ ಉಣ್ಣುವುದನ್ನೇ ನೋಡುತ್ತ, ತಾನೂ ಅದೇ ಸೊಪ್ಪಿನ ಸಾರು ಉಂಡು ಹೋಗುತ್ತಿದ್ದಳು.

ಜಯಪ್ರಕಾಶನಿಗೆ ಮೊದಲ ವಾರ ನಾಚಿಕೆಯಾಯಿತು. ಎರಡನೆಯ ವಾರ ಅವನು ಲೆಕ್ಕ ಹಾಕಿದ. ಆ ವಾರದ ಸಾಮಾನಿನ ದುಡ್ಡಿನಲ್ಲಿ ಮುಕ್ಕಾಲು ಪಾಲು ಹಾಗೇ ಉಳಿದಿತ್ತು. ಕಾಲೇಜಿನಲ್ಲಿ ಕೆಲಸವಿರಲಿಲ್ಲ, ಮನೆಯಲ್ಲಿ ಖರ್ಚಿರಲಿಲ್ಲ. ನೋಡು, ಪದ್ಧತಿ ಅಂದರೆ ಇದು ಎಂದು ವೀಣಳಿಗೆ ತೋರಿಸಿದ. ಶಿವರಾತ್ರಿ ಬಂತು, ಹೋಯಿತು. ಹರಕೆ ಮುಗಿಯಿತೇನು ಎಂದು ಅಕ್ಕ ಆಸೆಯಿಂದ ಕೇಳಿದಾಗ, ಅಡಿಗೆಮನೆಯ ಮೂಲೆಯಲ್ಲಿದ್ದ ಕುಂಬಳಕಾಯಿಗಳ ಕಡೆ ನೋಡಿ, ಇನ್ನೂ ಸ್ವಲ್ಪ ಮುಂದುವರಿಸಬೇಕಾಗಿದೆ ಅಕ್ಕ ಎಂದ. ಆವತ್ತು ಮುಗಿಯಿತು ಎಂದಿದ್ದರೆ ಈ ಕಥೆಯನ್ನು ನಾನು ಹೇಳುವ ಅಗತ್ಯವಿರಲಿಲ್ಲ. ಹೊಂಬಾಳಮ್ಮ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು ಬಸ್ಸಿಗೆ ಹೋದಳು.

ಆದರೆ ನಾಲಗೆಗೆ ಪದ್ಧತಿ ತಿಳಿಯುವುದಿಲ್ಲ. ಯುಗಾದಿಯ ಮಾರನೆಯ ದಿನ ಹೊಸತೊಡಕು, ಮನೆಮನೆಯಲ್ಲೂ ಬಾಡಿನ ಹಬ್ಬ. ಅಂದು ಮದ್ದೂರಿನ ಯಾವ ಬೀದಿಯಲ್ಲಿ ಹೋದರೂ ಮಸಾಲೆ ಹುರಿಯುವ ವಾಸನೆ. ಕೆಂಪಸಿದ್ದಯ್ಯ ಪಕ್ಕದ ಮನೆಯವನಿಗೆ ಸಂಕಟವಾಗದಿರಲೆಂದು ತನ್ನ ಅಡಿಗೆಮನೆಯ ಕಿಟಕಿಗೆ ಗೋಣಿಚೀಲ ಕಟ್ಟಿದ್ದ. ಚೀಲದ ಸಂದಿಯಿಂದಲೂ ವಾಸನೆ ಬಂತು. ಜಯಪ್ರಕಾಶ ಹೊನಗೊನ್ನೆ ಸೊಪ್ಪಿನ ತಟ್ಟೆಯನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡು ಕೂತ.

ಆ ವಾರವೇ ಕಾಲೇಜಿನ ಕೆಲಸದ ಮೇಲೆ ಮಂಡ್ಯಕ್ಕೆ ಹೋದವನು, ಕೆಲಸ ಮುಗಿಸಿ, ಗುರುತಿನವರು ಯಾರೂ ಇಲ್ಲವೆಂದು ಎರಡು ಕಡೆಯೂ ನೋಡಿಕೊಂಡು ಒಂದು ಮಿಲ್ಟ್ರಿ ಹೋಟೆಲಿಗೆ ನುಗ್ಗಿದ. ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು ಹೇಳಿದ. ತಟ್ಟೆ ಬಂದು ಮುಂದೆ ಕೂತಿತು. ಮುದ್ದೆ ಮುರಿದು ಸಾರಿಗೆ ಅದ್ದಬೇಕು, ಅಷ್ಟರಲ್ಲಿ ಬಾಗಿಲಲ್ಲಿ, ಪಿಂಚಣಿ ಕೆಲಸಕ್ಕೆ ಮಂಡ್ಯಕ್ಕೆ ಬಂದಿದ್ದ ಕೆಂಪಸಿದ್ದಯ್ಯ, ಕೈಯಲ್ಲಿ ಪಾರ್ಸೆಲ್ಲಿಗೆಂದು ತಂದ ಟಿಫಿನ್ ಕ್ಯಾರಿಯರ್ರು. ಜಯಪ್ರಕಾಶ ಯೋಚನೆ ಮಾಡಲಿಲ್ಲ. ತನ್ನ ತಟ್ಟೆಯನ್ನು ಎದುರು ಕೂತಿದ್ದ ಅಪರಿಚಿತನ ಮುಂದಕ್ಕೆ ತಳ್ಳಿದ. ಆ ಮನುಷ್ಯ ತಟ್ಟೆಯನ್ನೊಮ್ಮೆ ನೋಡಿದ, ಜಯಪ್ರಕಾಶನನ್ನೊಮ್ಮೆ ನೋಡಿದ, ಮುದ್ದೆ ಮುರಿದ.

ಕೆಂಪಸಿದ್ದಯ್ಯ ಮೇಜಿನ ಹತ್ತಿರ ಬಂದು ನಿಂತ. ಇಲ್ಲೇನು ಮಾಡುತ್ತಿದ್ದೀಯ ಎಂದು ಕೇಳಿದ. ಸುಮ್ಮನೆ ಕೂತಿದ್ದೆ ಎಂದ ಜಯಪ್ರಕಾಶ. ಅಪರಿಚಿತನ ಬಾಯಿಗೆ ಹೋಗುತ್ತಿದ್ದ ಬೋಟಿಯನ್ನು ನೋಡುತ್ತಿದ್ದ ಅವನ ಕಣ್ಣಲ್ಲಿ ನಿಜವಾಗಿಯೂ ನೀರು ತುಂಬಿತ್ತು. ಕೆಂಪಸಿದ್ದಯ್ಯನಿಗೆ ಎಲ್ಲ ಅರ್ಥವಾಯಿತು. ಉಣ್ಣುವ ಹಾಗಿಲ್ಲದ ಜೀವ, ವಾಸನೆಯನ್ನಾದರೂ ಕುಡಿಯೋಣವೆಂದು ಬಂದು ಬೇರೆಯವರ ತಟ್ಟೆಯ ಮುಂದೆ ಕೂತಿದೆ. ಅವನು ಜಯಪ್ರಕಾಶನ ಭುಜವನ್ನು ಒಂದು ಸಲ ಒತ್ತಿ, ಪಾರ್ಸೆಲ್ಲೂ ತೆಗೆದುಕೊಳ್ಳದೆ, ಖಾಲಿ ಕ್ಯಾರಿಯರ್ರು ಹಿಡಿದುಕೊಂಡು ಹೊರಗೆ ಹೋದ. ಅಪರಿಚಿತ ತಟ್ಟೆ ಖಾಲಿ ಮಾಡಿ, ಇನ್ನೊಂದು ಮುದ್ದೆ ಹೇಳುತ್ತೀರಾ ಎಂದು ಕೇಳಿದ. ಬಿಲ್ಲು ಜಯಪ್ರಕಾಶನದೇ.

ಆ ಸಂಜೆ ಕೆಂಪಸಿದ್ದಯ್ಯ ಹೊಳಲಿಗೆ ಫೋನು ಮಾಡಿ, ಕಂಡದ್ದನ್ನು ಕಂಡ ಹಾಗೆ ಹೇಳಿದ. ಅಷ್ಟೇ ಸಾಲದೆಂದು, ದಿವಸ ಕಮ್ಮಿ ಇದ್ದಂತಿದೆ ಎಂದೂ ಸೇರಿಸಿದ. ಅವನು ಹೇಳಿ ಮುಗಿಸುತ್ತಲೇ ಹೊಂಬಾಳಮ್ಮ ಫೋನು ಇಟ್ಟುಬಿಟ್ಟಳಂತೆ.

ಅಷ್ಟರಲ್ಲಿ ಪುನೀತನಿಗೆ ಮಳವಳ್ಳಿಯ ಶಿವರಾಜು ಎಂಬುವವರ ಮಗಳು ಅಮೃತಳ ಜೊತೆ ನಿಶ್ಚಯವಾಗಿ, ವೈಶಾಖದಲ್ಲಿ ಮದುವೆಯೂ ನಡೆಯಿತು. ನಮ್ಮ ಕಡೆ ಮದುವೆ ಹೇಗೇ ನಡೆಯಲಿ, ಜನ ನೆನಪಿಟ್ಟುಕೊಳ್ಳುವುದು ಮದುವೆಯಾದ ಮೇಲಿನ ಬಾಡಿನ ಬೀಗರೂಟವನ್ನು. ಹೆಣ್ಣಿನ ಕಡೆಯವರು ಮಳವಳ್ಳಿಯಲ್ಲಿ ಬೀಗರೂಟ ಇಟ್ಟುಕೊಂಡರು. ಶಿವರಾಜು ಕುರಿಮರಿಗಳನ್ನು ತಾನೇ ಸಂತೆಯಲ್ಲಿ ನೋಡಿ ತಂದಿದ್ದ. ಊಟದ ಹಾಲಿನ ಮೂಲೆಯಲ್ಲಿ ಬಾಡು ತಿನ್ನದವರಿಗೆಂದು ಒಂದು ಸಣ್ಣ ಪಂಕ್ತಿ ಹಾಕಿದ್ದರು. ಅಲ್ಲಿ ಇಬ್ಬರು ಮೇಷ್ಟ್ರುಗಳೂ ಒಬ್ಬ ಅಯ್ಯನವರೂ ಕೂತಿದ್ದರು. ಗಂಡಿನ ಸೋದರಮಾವ ಜಯಪ್ರಕಾಶ ಹೊಟ್ಟೆ ಹಿಡಿದುಕೊಂಡು ಹೋಗಿ ಅವರ ಪಕ್ಕ ಕೂತ. ಸ್ವಲ್ಪ ಹೊತ್ತಿಗೆ ಅವನ ಪಕ್ಕದಲ್ಲಿ ಇನ್ನೊಬ್ಬರು ಬಂದು ಕೂತರು. ತಿರುಗಿ ನೋಡಿದರೆ ಹೊಂಬಾಳಮ್ಮ.

ಗಂಡಿನ ತಾಯಿಯೇ ಬಾಡಿನ ಪಂಕ್ತಿ ಬಿಟ್ಟು ಎದ್ದುಹೋದಳೆಂದರೆ ಸಾಮಾನ್ಯ ಮಾತಲ್ಲ. ಪಂಕ್ತಿಗಳಲ್ಲಿ ಪಿಸುಮಾತು ಎದ್ದಿತು. ಬೀಗಿತ್ತಿ ಮುನಿಸಿಕೊಂಡಿದ್ದಾಳೆ ಎಂದರು ಕೆಲವರು. ವರೋಪಚಾರ ಸಾಲದಾಯಿತಂತೆ ಎಂದರು ಕೆಲವರು. ನಮ್ಮ ಮರಿ ಅವರ ಅಂತಸ್ತಿಗೆ ಸಾಲಲಿಲ್ಲವೇನೋ ಎಂದು ಹೆಣ್ಣಿನ ಚಿಕ್ಕಪ್ಪ ಕೇಳುವ ಹಾಗೇ ಹೇಳಿದ. ಮದುವಣಗಿತ್ತಿ ಅಮೃತಳ ಮುಖ ಸಣ್ಣದಾಯಿತು. ಶಿವರಾಜು ಬಂದು ಕೈಮುಗಿದು ನಿಂತು, ನಮ್ಮಿಂದ ಏನು ತಪ್ಪಾಯಿತು ಹೇಳಬೇಕು ಎಂದು ಕೇಳಿದ.

“ನಿಮ್ದೇನೂ ತಪ್ಪಿಲ್ಲ ಬೀಗ್ರೆ,” ಎಂದಳು ಹೊಂಬಾಳಮ್ಮ. “ನನ್ ತಮ್ಮಂಗೆ ಉಸಾರಿಲ್ಲ. ಅವ್ನು ಬಾಡು ಬುಟ್ಟವ್ನೆ. ಅದ್ಕೆ ನಾನೂ ಬುಟ್ಟಿವ್ನಿ.”

ಅಲ್ಲಿದ್ದವರ ಕಣ್ಣುಗಳೆಲ್ಲ ಜಯಪ್ರಕಾಶನ ಕಡೆ ತಿರುಗಿದವು. ಬಿಟ್ಟಿ ತುಪ್ಪ, ಅವರೆಕಾಳು, ಎಳನೀರಿನಲ್ಲಿ ಅವನ ಕೆನ್ನೆ ತುಂಬಿಕೊಂಡಿತ್ತು. ಆದಷ್ಟು ಸೊರಗಿದವನಂತೆ ಕಾಣಲು ಅವನು ಉಸಿರು ಒಳಗೆಳೆದುಕೊಂಡ. ಆಗ ಬಾಡಿನ ಬಕೀಟು ಹಿಡಿದ ಬಡಿಸುವವನೊಬ್ಬ ಪಕ್ಕದಲ್ಲಿ ಹಾದುಹೋದ. ಹೊಂಬಾಳಮ್ಮನ ಕಣ್ಣು ಅವಳಿಗೇ ತಿಳಿಯದಂತೆ ಆ ಬಕೀಟಿನ ಹಿಂದೆ ಸ್ವಲ್ಪ ದೂರ ಹೋಗಿ ವಾಪಸು ಬಂತು. ಅವಳು ತನ್ನ ಎಲೆಯ ತಿಳಿಸಾರನ್ನು ಅನ್ನಕ್ಕೆ ಕಲಸಿದಳು.

ಜಯಪ್ರಕಾಶ ಅದನ್ನೆಲ್ಲ ನೋಡಿದ. ಮಗನ ಬೀಗರೂಟದಲ್ಲಿ, ತನ್ನ ಸುಳ್ಳಿಗಾಗಿ, ಅಕ್ಕ ತಿಳಿಸಾರು ಉಣ್ಣುತ್ತಿದ್ದಾಳೆ. ಈಗಲೇ ಇದನ್ನು ಮುಗಿಸಬೇಕೆಂದು ಎದ್ದು ನಿಂತ. ಅಷ್ಟು ಜನರ ಎದುರು ನಿಜ ಹೇಳಲು ಧೈರ್ಯ ಸಾಲಲಿಲ್ಲ. ಹಳೆಯ ಸುಳ್ಳನ್ನು ಹೊಸ ಸುಳ್ಳಿನಿಂದ ಮುಗಿಸಿದರೆ ಎರಡೂ ಹೋಗುತ್ತವೆ ಎಂದು ಅವನ ಬುದ್ಧಿ ಹೇಳಿತು. ಡಾಕ್ಟರು ಮೊನ್ನೆಯೇ ಪರೀಕ್ಷೆ ಮಾಡಿದರು, ಎಲ್ಲ ವಾಸಿಯಾಗಿದೆ, ಒಳ್ಳೆಯ ದಿನ ಹೇಳೋಣವೆಂದು ಕಾದಿದ್ದೆ, ಇವತ್ತಿಗೆ ನನ್ನ ಹರಕೆ ತೀರಿತು ಎಂದು ಎಲ್ಲರಿಗೂ ಕೇಳುವಂತೆ ಹೇಳಿದ.

ಪಂಕ್ತಿಗಳಲ್ಲೆಲ್ಲ ಸಂತೋಷ ಉಕ್ಕಿತು. ಶಿವರಾಜು ಅವನನ್ನು ತಬ್ಬಿಕೊಂಡ. ಹೊಂಬಾಳಮ್ಮ ಕರೆದಿದ್ದಕ್ಕೆ ಬಂದಿದ್ದ ಕೆಂಪಸಿದ್ದಯ್ಯ ಬಾಡಿನ ಪಂಕ್ತಿಯಿಂದ ಎಂಜಲು ಕೈಯಲ್ಲೇ ಎದ್ದು ನಿಂತು ಕಣ್ಣೀರು ಸುರಿಸಿದ. ಹೊಂಬಾಳಮ್ಮ ಬಡಿಸುವವನ ಕೈಯಿಂದ ಬಕೀಟು ಕಿತ್ತುಕೊಂಡು, ಒಳ್ಳೊಳ್ಳೆಯ ತುಂಡು ಹುಡುಕಿ ಹುಡುಕಿ ತಮ್ಮನ ಎಲೆಗೆ ತುಂಬಿದಳು. ಉಣ್ಣು ಮಗ, ಉಣ್ಣು ಎಂದಳು. ಸಂಕ್ರಾಂತಿಯ ಈಚೆಗೆ ಮೊದಲ ತುಂಡು ಅವನ ಬಾಯಿಗೆ ಹೋಯಿತು. ನೀನೂ ಹಾಕಿಸಿಕೋ ಅಕ್ಕ ಎಂದ, ಬಾಯಿ ತುಂಬ ಬಾಡು ಇಟ್ಟುಕೊಂಡು.

“ನಂಗ್ಯಾಕ್ಲಾ,” ಎಂದಳು ಹೊಂಬಾಳಮ್ಮ. ಅವಳ ಮುಖ ಹಬ್ಬದ ದೀಪದ ಹಾಗಿತ್ತು. “ಕೆಂಪಸಿದ್ದಣ್ಣ ಪೋನ್ ಮಾಡಿದ್ ಮಾರನೆ ದಿಸವೇ ಮಾದಪ್ಪನ್ ಬೆಟ್ಟಕ್ ಓಗಿದ್ದೆ. ನನ್ ತಮ್ಮನ್ನ ಉಳಿಸ್ಕೊಡಪ್ಪ, ಅವ್ನಿಗೆ ವಾಸಿಯಾದ್ರೆ ಬದುಕಿರೋಗಂಟ ಬಾಡು ಮುಟ್ಟಾಕಿಲ್ಲ ಅಂತ ಕರ್ಪೂರ ಅಚ್ಚಿ ಯೋಳ್ಕಂಡಿವ್ನಿ. ಮಾದಪ್ಪ ಕೈ ಬುಡ್ನಿಲ್ಲ ಕಣ್ಲಾ.”

ಜಯಪ್ರಕಾಶನ ಬಾಯಲ್ಲಿದ್ದ ತುಂಡು ಅಲ್ಲೇ ನಿಂತಿತು. ಉಗುಳುವಂತಿಲ್ಲ, ಎಲ್ಲರೂ ನೋಡುತ್ತಿದ್ದರು. ನುಂಗಿದ.

ವಾಪಸು ಬರುವಾಗ ವೀಣ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಿದ್ದಳು. ಮನೆಗೆ ಬಂದ ಮೇಲೆ ಒಂದೇ ಮಾತು ಹೇಳಿದಳು. ನಾಳೆ ಹೊಳಲಿಗೆ ನೀವು ಹೋಗುತ್ತೀರೋ, ನಾನು ಹೋಗಲೋ ಎಂದು.

ಅವನೇ ಹೋದ. ಹೊಂಬಾಳಮ್ಮ ಹಿತ್ತಲಿನಲ್ಲಿ ಕೂತು ಅಲಸಂದೆಕಾಯಿ ಸುಲಿಯುತ್ತಿದ್ದಳು. ಅದು ತಮ್ಮನಿಗೆ ಕಳಿಸಲೆಂದೇ. ಕರಿಯಪ್ಪ ಹಸುವಿಗೆ ಹುಲ್ಲು ಹಾಕುತ್ತಿದ್ದ. ಜಯಪ್ರಕಾಶ ನಿಂತುಕೊಂಡೇ ಎಲ್ಲ ಹೇಳಿದ. ಎಲೆಕೋಸಿನ ಮೂಟೆ, ಟೀಪುಡಿ, ಬಕೀಟು, ಕ್ಯಾಲೆಂಡರು, ಬಿಟ್ಟಿ ಸೊಪ್ಪು, ಮಂಡ್ಯದ ಹೋಟೆಲು, ಇಲ್ಲದ ಡಾಕ್ಟರು. ಹೇಳುತ್ತ ಹೇಳುತ್ತ ಅವನಿಗೇ ಅದು ಎಷ್ಟು ಸಣ್ಣ ವಿಷಯವಾಗಿತ್ತೆಂದು ಕಾಣಿಸಿ ದನಿ ಸಣ್ಣದಾಯಿತು.

ಹೊಂಬಾಳಮ್ಮ ಕೈಯಲ್ಲಿದ್ದ ಕಾಯನ್ನು ಮೊರದ ಮೇಲಿಟ್ಟಳು.

“ಅಂಗಾರೆ ನಿಂಗೆ ಏನೂ ಇರ್ನಿಲ್ವಾ?” ಎಂದು ಕೇಳಿದಳು.

“ಇರಲಿಲ್ಲ ಅಕ್ಕ.”

“ಸದ್ಯ,” ಎಂದಳು. ಅಷ್ಟು ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆ ಅಳು ಕೋಪದ್ದಲ್ಲ, ತಮ್ಮ ಸಾಯುವುದಿಲ್ಲ ಎಂಬ ನೆಮ್ಮದಿಯದು ಎಂದು ಗೊತ್ತಾದಾಗ ಜಯಪ್ರಕಾಶನಿಗೆ, ಅವಳು ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಬೈಯುವ ಕೆಲಸ ಕರಿಯಪ್ಪನಿಗೂ ಆಗಲಿಲ್ಲ. ಅವನು ಹುಲ್ಲಿನ ಕಟ್ಟು ಕೆಳಗಿಟ್ಟು, ಕೈಯಲ್ಲಿ ಕಾಸಿಲ್ಲ ಭಾವ ಅಂತ ಒಂದು ಮಾತು ಅಂದಿದ್ದರೆ ಬರುವಾಗ ಬಾಡು ನಾನೇ ತರುತ್ತಿದ್ದೆನಲ್ಲ ಎಂದು ಹೇಳಿ ಹೊಲದ ಕಡೆ ಹೊರಟುಹೋದ.

ಜಯಪ್ರಕಾಶ ಅಕ್ಕನ ಎದುರು ಕುಕ್ಕರಗಾಲಿನಲ್ಲಿ ಕೂತ. ಕಾಯಿಲೆಯೇ ಇಲ್ಲದ ಮೇಲೆ ವಾಸಿಯಾದದ್ದೂ ಇಲ್ಲ, ವಾಸಿಯಾಗದ ಮೇಲೆ ಹರಕೆಯೂ ಇಲ್ಲ, ಬೇಕಿದ್ದರೆ ಬೆಟ್ಟಕ್ಕೆ ಹೋಗಿ ತಪ್ಪುಕಾಣಿಕೆ ಹಾಕಿ ಬರೋಣ, ಇದಕ್ಕೂ ಏನಾದರೂ ಪದ್ಧತಿ ಇದ್ದೇ ಇರುತ್ತದೆ ಎಂದು ಒಂದೇ ಸಮನೆ ವಾದ ಮಾಡಿದ. ಅವಳು ಅಲಸಂದೆಕಾಳನ್ನು ಮೊರಕ್ಕೆ ಹಾಕುತ್ತ ಕೇಳಿಸಿಕೊಂಡಳು.

“ಸುಳ್ಳು ಯೋಳಿದ್ದು ನೀನು ಕಣ್ಲಾ,” ಎಂದಳು ಕೊನೆಗೆ. “ನಾನ್ ಯೋಳಿದ್ದು ದಿಟ ಅಲ್ವಾ.”

ಸುಲಿದ ಕಾಳನ್ನು ಚೀಲಕ್ಕೆ ಕಟ್ಟಿ ಅವನ ಕೈಗೆ ಕೊಟ್ಟಳು. ಅವನು ಬೇಡವೆನ್ನಲಾರದೆ ತಗೊಂಡ.

ಸಾಮಾನಿನ ದುಡ್ಡು ಅವತ್ತೇ ವೀಣಳ ಕೈಗೆ ವಾಪಸು ಹೋಯಿತು. ನೀನು ತಿನ್ನದ ಮೇಲೆ ನಮ್ಮ ಮನೆಯಲ್ಲೂ ಬಾಡು ಬೇಡ ಎಂದು ಜಯಪ್ರಕಾಶ ಹೇಳಿದ್ದಕ್ಕೆ ಅಕ್ಕ ಒಪ್ಪಲಿಲ್ಲ. ಒಬ್ಬಳು ಬಿಟ್ಟದ್ದು ಸಾಕು, ಹೊಸ ಸೊಸೆ ಬಂದಿದ್ದಾಳೆ, ತವರಿನ ಭಾನುವಾರ ಸಪ್ಪೆಯಾಗಬಾರದು ಎಂದಳು. ಸಾರು ಮಾಡುವವಳೂ ಅವಳೇ. ತಿನ್ನುವುದಿಲ್ಲ ಎಂದು ದೇವರಿಗೆ ಹೇಳಿದ್ದೇನೆಯೇ ಹೊರತು ಬೇಯಿಸುವುದಿಲ್ಲ ಎಂದು ಹೇಳಿಲ್ಲ ಎಂಬುದು ಅವಳ ನ್ಯಾಯ.

ಮೊದಲ ಭಾನುವಾರ ಜಯಪ್ರಕಾಶನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತರು. ಪುನೀತ್, ಅಮೃತ, ವೀಣ, ಮತ್ತು ಅವತ್ತಿನಿಂದ ಜಯಪ್ರಕಾಶನ ಜೊತೆ ಮಾತು ಬಿಟ್ಟಿದ್ದ ಕರಿಯಪ್ಪ. ಹೊಂಬಾಳಮ್ಮ ಬಡಿಸಿದಳು. ಜಯಪ್ರಕಾಶ ಹಿಟ್ಟು ಅದ್ದಿ ಒಂದು ತುತ್ತು ನುಂಗಿದ. ಸಾರು ಉಪ್ಪಿನ ಕಷಾಯದಂತಿತ್ತು. ಕುದಿಯುವಾಗ ಅಂಗೈಗೆ ಹನಿ ಬಿಟ್ಟುಕೊಂಡು ನೆಕ್ಕಿ ನೋಡದೆ ಆ ಮನೆಯಲ್ಲಿ ಯಾರೂ ಉಪ್ಪು ಹಾಕಿದವರಲ್ಲ. ಅವಳು ಅವತ್ತು ಅಂದಾಜಿನ ಮೇಲೆ ಹಾಕಿದ್ದಳು. ಪುನೀತ್ ನೀರಿನ ಲೋಟಕ್ಕೆ ಕೈ ಚಾಚಿದ. ಕರಿಯಪ್ಪ ತಲೆ ಎತ್ತಿ ಜಯಪ್ರಕಾಶನ ಕಡೆ ಮಾತ್ರ ನೋಡಿದ.

“ಉಪ್ಪು ಸರ್ಯಾಗೈತಾ ಮಗ?” ಎಂದು ಹೊಂಬಾಳಮ್ಮ ಸೌಟು ಹಿಡಿದು ಕೇಳಿದಳು.

“ಸರಿಯಾಗೈತೆ ಅಕ್ಕ,” ಎಂದ ಜಯಪ್ರಕಾಶ. ಇನ್ನೊಂದು ಸೌಟು ಹಾಕಿಸಿಕೊಂಡ.